ಸ್ವಿಚ್ಚಿಗಿಂತ ಮೊದಲು ಕೈ

ಗಾಜಿಯಾಬಾದ್, ಸಾಹಿಬಾಬಾದ್ ಕಡೆ ಇರುವ ನಮ್ಮ ಕನ್ನಡ ಮನೆಗಳಿಗೆ ಹಿಂಡನ್ ವಾಯುನೆಲೆಯ ಸದ್ದು ಹೊಸದಲ್ಲ. ಅಲ್ಲಿ 2018ರ ಮೇ 4ರಂದು ವಾಯುಪಡೆಗೆ ಒಂದು ಹಳೇ ಡಕೋಟಾ ವಿಮಾನ ಸೇರಿತು. ಹೆಸರು ‘ಪರಶುರಾಮ’. ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್ ಅದನ್ನು ಬ್ರಿಟನ್ನಿನಲ್ಲಿ ರಿಪೇರಿ ಮಾಡಿಸಿ ಕೊಟ್ಟರು. ಅವರ ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಡಕೋಟಾ ಹಾರಿಸಿದವರು. ಅದರ ಮೈಮೇಲಿನ ನಂಬರು ವಿಪಿ 905. 1947ರ ಅಕ್ಟೋಬರ್ 27ರಂದು ದಿಲ್ಲಿಯಿಂದ ಶ್ರೀನಗರಕ್ಕೆ ನಮ್ಮ ಸೈನಿಕರನ್ನು ಒಯ್ದ ಡಕೋಟಾದ ನೆನಪಿಗೆ.

ಇವತ್ತಿನ ಮಾತು ಆ ಶೌರ್ಯದ್ದಲ್ಲ. ಇಂಥ ಅಜ್ಜನ ಕಾಲದ ಇಂಜಿನ್ನನ್ನು ಎಬ್ಬಿಸುವ ಮೊದಲು ಏನೇನು ನೋಡಬೇಕು ಅನ್ನೋದು.

ಡಕೋಟಾಕ್ಕೆ ಎರಡು ಇಂಜಿನ್. ಒಂದೊಂದರಲ್ಲೂ 14 ಸಿಲಿಂಡರ್, ಹೂವಿನ ಎಸಳಿನ ಹಾಗೆ ಸುತ್ತಲೂ ಜೋಡಿಸಿರುತ್ತಾರೆ. ಇದಕ್ಕೆ ರೇಡಿಯಲ್ ಅಂತಾರೆ. ಸುತ್ತಲೂ ಅಂದಮೇಲೆ ಕೆಲವು ಸಿಲಿಂಡರ್ ತಲೆಕೆಳಗಾಗಿರಲೇಬೇಕಲ್ಲ? ತೊಂದರೆ ಇರುವುದೇ ಅಲ್ಲಿ. ವಿಮಾನ ನಿಂತಲ್ಲೇ ನಿಂತಿದ್ದರೆ ಆಯಿಲ್ ಮೆಲ್ಲಗೆ ಜಿನುಗಿ ಕೆಳಗಿನ ಸಿಲಿಂಡರುಗಳಲ್ಲಿ ತುಂಬಿಕೊಳ್ಳುತ್ತದೆ. ಗಾಳಿಯನ್ನು ಅದುಮಬಹುದು, ಎಣ್ಣೆಯನ್ನು ಅದುಮೋಕಾಗಲ್ಲ. ಹಾಗೇ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ಎಣ್ಣೆಗೆ ಗುದ್ದುತ್ತೆ, ಕನೆಕ್ಟಿಂಗ್ ರಾಡ್ ಬಾಗುತ್ತೆ. ಮುರಿದರೆ ಒಂದು ಲೆಕ್ಕ, ಅಲ್ಲೇ ಗೊತ್ತಾಗುತ್ತೆ. ತುಸು ಬಾಗಿ ಸುಮ್ಮನಿದ್ದರೆ? ಇಂಜಿನ್ ಚೆನ್ನಾಗೇ ಓಡುತ್ತೆ, ವಿಮಾನ ಮೇಲೇರುತ್ತೆ. ಆ ರಾಡ್ ಮುರಿಯುವುದು ಇನ್ಯಾವತ್ತೋ, ಆಕಾಶದಲ್ಲಿ.

ಅದಕ್ಕೇ ಮೊದಲು ಪ್ರೊಪೆಲರನ್ನು ಕೈಯಲ್ಲಿ, ಒಂದೊಂದೇ ಅಲಗು ಹಿಡಿದು ತಿರುಗಿಸಬೇಕು. ಒಳಗಿನ ಶಾಫ್ಟ್ ಕನಿಷ್ಠ ಎರಡು ಪೂರ್ತಿ ಸುತ್ತು ಬಂದರೇನೇ ಎಲ್ಲ ಸಿಲಿಂಡರುಗಳ ಸರದಿ ಮುಗಿಯೋದು. ಊರಲ್ಲಿ ಡೀಸೆಲ್ ಪಂಪ್‌ಸೆಟ್ಟಿನ ಹ್ಯಾಂಡಲ್ ತಿರುಗಿಸಿದವರಿಗೆ ಆ ಬಿಗಿ ಗೊತ್ತು. ಹದವಾದ ಬಿಗಿ ಇದ್ದರೆ ಸರಿ. ಗೋಡೆಗೆ ತಾಗಿದ ಹಾಗೆ ನಿಂತುಬಿಟ್ಟರೆ ಅಲ್ಲಿಗೇ ಬಿಡಿ, ನಾಲ್ಕು ಜನ ಸೇರಿ ನೂಕಬೇಡಿ. ಹಿಂದಕ್ಕೂ ತಿರುಗಿಸಬೇಡಿ. ಹಿಂದಕ್ಕೆ ತಿರುಗಿಸಿದರೆ ಎಣ್ಣೆ ಇನ್‌ಟೇಕ್ ಪೈಪಿಗೆ ಹೋಗಿ ಕೂತು, ಸ್ಟಾರ್ಟ್ ಆದ ಕೂಡಲೇ ವಾಪಸ್ ಬರುತ್ತೆ. ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಣ್ಣೆ ಪೂರ್ತಿ ಸೋರಲು ಬಿಡುವುದೊಂದೇ ದಾರಿ.

ಅಲಗು ಮುಟ್ಟುವ ಮೊದಲು ಮ್ಯಾಗ್ನೆಟೋ ಸ್ವಿಚ್ ಆಫ್ ಇದೆಯಾ ನೋಡಬೇಕು. ಆಫ್ ಇದ್ದರೂ ನಂಬಬಾರದು. ಮ್ಯಾಗ್ನೆಟೋಗೆ ಬ್ಯಾಟರಿ ಬೇಡ. ಅದರ ಅರ್ಥಿಂಗ್ ವೈರ್ ತುಂಡಾಗಿದ್ದರೆ ಸ್ವಿಚ್ ಏನೇ ಹೇಳಲಿ, ಕಿಡಿ ಹಾರುತ್ತೆ, ಪ್ರೊಪೆಲರ್ ಒದೆಯುತ್ತೆ. ಗಾಲಿಗೆ ಅಡ್ಡಗಟ್ಟೆ ಕೊಟ್ಟು, ಅಲಗಿನ ದಾರಿಯಿಂದ ಮೈ ದೂರ ಇಟ್ಟೇ ಈ ಕೆಲಸ.

ಇನ್ನೂ ಹಳೆಯದು ರೋಟರಿ ಇಂಜಿನ್. ರೇಡಿಯಲ್‌ನಲ್ಲಿ ಸಿಲಿಂಡರುಗಳು ನಿಂತಿರುತ್ತವೆ, ಶಾಫ್ಟ್ ತಿರುಗುತ್ತೆ. ರೋಟರಿಯಲ್ಲಿ ಶಾಫ್ಟ್ ವಿಮಾನಕ್ಕೇ ಬಿಗಿದಿರುತ್ತೆ, ಇಡೀ ಇಂಜಿನ್ನೇ ಪ್ರೊಪೆಲರ್ ಜೊತೆ ಗಿರಗಿರ ತಿರುಗುತ್ತೆ! ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ನಮ್ಮ ಹರ್‌ದಿತ್ ಸಿಂಗ್ ಮಲಿಕ್ ಹಾರಿಸಿದ ಕ್ಯಾಮೆಲ್ ವಿಮಾನದ್ದು ಇದೇ ಇಂಜಿನ್. ಅದಕ್ಕೆ ಹಾಕುತ್ತಿದ್ದ ಎಣ್ಣೆ ಯಾವುದು ಗೊತ್ತಾ? ಹರಳೆಣ್ಣೆ. ಧಾರವಾಡದವರ ಔಡಲೆಣ್ಣೆ. ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗಲ್ಲ ಅಂತ. ಅದರ ಹೊಗೆ ಕುಡಿದ ಪೈಲಟ್‌ಗಳ ಹೊಟ್ಟೆಯ ಪಾಡನ್ನು, ಅಜ್ಜಿ ಕೈಲಿ ಹರಳೆಣ್ಣೆ ಕುಡಿದವರಿಗೆ ನಾನೇನೂ ಬಿಡಿಸಿ ಹೇಳಬೇಕಿಲ್ಲ. ಆದರೆ ವರ್ಷಗಟ್ಟಲೆ ನಿಂತರೆ ಈ ಎಣ್ಣೆ ಅಂಟಾಗಿ ಗಟ್ಟಿಯಾಗುತ್ತೆ. ಆದ್ದರಿಂದ ಹಳೇ ರೋಟರಿಯಲ್ಲಿ ಎಣ್ಣೆಯ ದಾರಿಗಳು ಕಟ್ಟಿವೆಯಾ, ವಾಲ್ವ್‌ಗಳು ಅಂಟಿಕೊಂಡಿವೆಯಾ ಅಂತ ಮೊದಲು ನೋಡಬೇಕು.

ಇಷ್ಟಾದ ಮೇಲೆ ಸ್ಟಾರ್ಟರ್. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ನಿಂತಿರಲಿ. ಒಂದೆರಡು ಕೆಮ್ಮು, ಒಂದು ದೊಡ್ಡ ಹೊಗೆ, ಅದು ಮಾಮೂಲು. ಕಣ್ಣು ಮಾತ್ರ ಆಯಿಲ್ ಪ್ರೆಷರ್ ಮುಳ್ಳಿನ ಮೇಲಿರಬೇಕು. ಅರ್ಧ ನಿಮಿಷದೊಳಗೆ ಮುಳ್ಳು ಏಳದಿದ್ದರೆ ಇಂಜಿನ್ ಬಂದ್.