ಫೋನಿನಲ್ಲಿ ಸಿಗದ ಆಟಗಳು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಯಾರಾದರೊಬ್ಬರು ಹಳೆಯದೊಂದನ್ನು ಹುಡುಕಿ ತಂದು ಹಾಕಿರುತ್ತಾರೆ. ಒಂದು ದಿನ ಚಂದಮಾಮದ ಪುಟ, ಮತ್ತೊಂದು ದಿನ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ ಮಾಲ್ಗುಡಿ ಡೇಸ್‌ನ ಕಂತು. ಕನ್ನಡ ಚಂದಮಾಮ ಶುರುವಾದದ್ದು 1949ರಲ್ಲಿ; 2013ರ ಹೊತ್ತಿಗೆ ನಿಂತೇ ಹೋಯಿತು. ಆದರೂ ಯಾರೋ ಪುಣ್ಯಾತ್ಮರು ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸಿದ್ದಾರೆ. ಹಾಗಾಗಿ ಕಲಾವಿದ ಶಂಕರ್ ಬರೆದ, ಬೇತಾಳನನ್ನು ಹೆಗಲಿಗೇರಿಸಿ ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ನಾವಿಂದು ಮೊಮ್ಮಕ್ಕಳಿಗೆ ತೋರಿಸಬಹುದು.

ಇವೆಲ್ಲ ಅಚ್ಚಾದವು, ಚಿತ್ರೀಕರಣವಾದವು; ಆದ್ದರಿಂದ ಸಿಕ್ಕಿವೆ. ನಾವೇ ಕೈಯಾರೆ ಮಾಡಿಕೊಂಡ ಆಟಗಳ ಗತಿಯೇನು?

ಬಲ್ಬಿನ ಸಿನಿಮಾ ನೆನಪಿದೆಯೇ? ಹೋದ ಬಲ್ಬಿನ ಬುಡ ಬಿಡಿಸಿ, ಒಳಗಿನ ತಂತಿ ತೆಗೆದು ನೀರು ತುಂಬುವುದು. ಬಾಗಿಲು ಹಾಕಿ ಕೋಣೆ ಕತ್ತಲು ಮಾಡುವುದು. ಹೊರಗಿನಿಂದ ಒಬ್ಬ ಕನ್ನಡಿಯಲ್ಲಿ ಬಿಸಿಲು ಹಿಡಿದು ಕಿಂಡಿಯೊಳಗೆ ಬಿಟ್ಟರೆ, ಒಳಗಿರುವವನು ಪೆಟ್ಟಿಗೆ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ತಂದ ಫಿಲಂ ತುಂಡನ್ನು ಬೆಳಕಿಗೆ ಅಡ್ಡ ಹಿಡಿದು, ಅದರ ಮುಂದೆ ಬಲ್ಬು ಹಿಡಿಯುತ್ತಿದ್ದ. ಗೋಡೆಯ ಮೇಲಿನ ಪಂಚೆಯಲ್ಲಿ ರಾಜ್‌ಕುಮಾರ್ ಪ್ರತ್ಯಕ್ಷ! ಫಿಲಂ ತಲೆಕೆಳಗಾಗಿ ಹಿಡಿದರೆ ಮಾತ್ರ ಚಿತ್ರ ನೆಟ್ಟಗೆ ಬೀಳುತ್ತಿತ್ತು. ಮುಂದೆ ತರಗತಿಯಲ್ಲಿ ಮೇಷ್ಟ್ರು ಪೀನ ಮಸೂರದ ಪಾಠ ಮಾಡಿದಾಗ, ಅರ್ಧ ಪಾಠ ನಮಗೆ ಮೊದಲೇ ಬಂದಿತ್ತು.

ಚೌಕಾಬಾರವನ್ನೇ ತೆಗೆದುಕೊಳ್ಳಿ. ಐದೈದು ಸಾಲಿನ 25 ಮನೆ, ನಾಲ್ಕು ಕವಡೆ. ಕವಡೆ ಇಲ್ಲದವರು ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಳ್ಳುತ್ತಿದ್ದರು. ಈ ಆಟ ಈಗ ಫೋನಿನಲ್ಲೂ ಇದೆ, ಸಂತೋಷ. ಆದರೆ ಅಲ್ಲಿರುವುದು ಅದನ್ನು ತಯಾರಿಸಿದವರು ಹಾಕಿದ ನಿಯಮ. ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಹೋಗಬಹುದೇ, ಗರ ಬಿದ್ದಾಗ ಎಷ್ಟು ಸಲ ಮತ್ತೆ ಹಾಕಬಹುದು, ಇವೆಲ್ಲ ಒಂದೊಂದು ಜಗಲಿಯಲ್ಲಿ ಒಂದೊಂದು ರೀತಿ. ನಮ್ಮ ಅಜ್ಜಿಯರ ನಿಯಮ ಎಲ್ಲಿಯೂ ಬರೆದಿಲ್ಲ. ಅವರ ಜೊತೆಗೇ ಅದೂ ಹೋಗುತ್ತಿದೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಇಂಥ ಆಟಗಳೆಂದರೆ ಪ್ರಾಣ. ಅವರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು. ಜಗನ್ಮೋಹನ ಅರಮನೆಯ ಗೋಡೆಯ ಮೇಲೂ ಆಟದ ಮನೆಗಳನ್ನು ಬರೆಸಿದ್ದಾರೆ. ಅರಸರು ಬರೆಸಿದ್ದರಿಂದ ಅರಮನೆಯ ಆಟ ಉಳಿಯಿತು. ನಮ್ಮ ಜಗಲಿಯ ಆಟ ಉಳಿಯಬೇಕಾದರೆ ನಾವೇ ಬರೆಯಬೇಕು.

ನಮ್ಮ ಜಗಲಿಗಳೂ ಈಗ ಎಷ್ಟು ಉಳಿದಿವೆ ಹೇಳಿ. ರಾಗಿ ಹೊಲಗಳು ಬಡಾವಣೆಗಳಾದವು. 2021ರಲ್ಲಿ ಕೆಂಗೇರಿಗೆ ಮೆಟ್ರೋ ಬಂತು. ಒಳ್ಳೆಯದೇ ಆಯಿತು, ವಿಜಯನಗರ ಈಗ ಪಕ್ಕದ ಬೀದಿಯಂತಾಗಿದೆ. ಕಳೆದುದಕ್ಕೆ ಕೊರಗುತ್ತಾ ಕೂರಲು ನಾನು ಬಂದಿಲ್ಲ. ನನ್ನದು ಎರಡು ಕೋರಿಕೆ ಅಷ್ಟೇ.

ಒಂದು, ಹಳೆಯ ವಿದ್ಯಾರ್ಥಿಗಳಿಗೆ. ನಿಮ್ಮ ಟ್ರಂಕಿನಲ್ಲಿರುವ ಶಾಲೆಯ ಕೈಬರಹದ ಪತ್ರಿಕೆ, ಆಟೋಗ್ರಾಫ್ ಪುಸ್ತಕ, ಬೆಂಕಿಪೊಟ್ಟಣದ ಚಿತ್ರಗಳ ಸಂಗ್ರಹ, ಏನಿದ್ದರೂ ಫೋಟೋ ತೆಗೆದು ಶಾಲೆಗೆ ಕೊಡಿ. ಫೋಟೋದ ಜೊತೆ ನಾಲ್ಕು ಸಾಲು ಬರೆಯಿರಿ: ಯಾವ ವರ್ಷದ್ದು, ಯಾರು ಮಾಡಿದ್ದು, ಹೇಗೆ ಮಾಡಿದ್ದು. ಚಂದಮಾಮಕ್ಕೆ ಒದಗಿದ ಪುಣ್ಯಾತ್ಮರು ನಮ್ಮ ಶಾಲೆಗೆ ಬೇರೆಲ್ಲಿಂದಲೋ ಬರುವುದಿಲ್ಲ.

ಇನ್ನೊಂದು, ಶಿಕ್ಷಕರಿಗೆ. ತಿಂಗಳಿಗೊಂದು ಶನಿವಾರ ಒಂದು ಪೀರಿಯಡ್ ಕೊಡಿ. ಊರಿನ ಅಜ್ಜ ಅಜ್ಜಿಯರು ಬಂದು ಅಳಗುಳಿ ಮಣೆ, ತೆಂಗಿನ ಗರಿಯ ಪೀಪಿ, ಬಲ್ಬಿನ ಸಿನಿಮಾ ತೋರಿಸಲಿ. ಗಾಜಿನ ಕೆಲಸ ಮಾತ್ರ ದೊಡ್ಡವರ ಕೈಯಲ್ಲಿರಲಿ. ಕೂಲಿಗಾಗಿ ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳು ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ಓದುತ್ತಿದ್ದಾರೆ. ಅವರು ತಮ್ಮ ಊರಿನ ಆಟ ಹೇಳಿಕೊಡಲಿ. ಹೊಸ ಊರಿಗೆ ಬಂದ ಮಗುವಿಗೆ ಅಂದು ಅದೇ ಮೇಷ್ಟ್ರ ಸ್ಥಾನ.

ಫೋನಿನಲ್ಲಿ ಹಳೆಯದನ್ನು ಕಂಡು "ಆಹಾ" ಎನ್ನುವುದು ಅರ್ಧ ಸುಖ. ಅದನ್ನು ಇನ್ನೊಬ್ಬರ ಕೈಗೆ ಕಲಿಸಿಕೊಟ್ಟಾಗಲೇ ಪೂರ್ತಿ ಸುಖ.