ಕಂಡರೂ ಪ್ರಮಾಣಿಸಿ ನೋಡಬೇಕಾದ ಚಿತ್ರ

(ಆದಿವಾಲದ ಚಿತ್ರಾಸಕ್ತರ ಮುಂದೆ ಮಾಡಿದ ಭಾಷಣದ ಬರಹರೂಪ)



ಹಿರಿಯೂರಿನ ಹೆದ್ದಾರಿಯಲ್ಲಿ ಅಪಘಾತವಾದರೆ ನೋಡಿದವರು ಹತ್ತು ಮಂದಿ ಇರುತ್ತಾರೆ. ಗುದ್ದಿದ ಲಾರಿಯ ಬಣ್ಣ ಯಾವುದೆಂದು ಕೇಳಿ. ಒಬ್ಬರು ಕೆಂಪು ಎಂದರೆ ಇನ್ನೊಬ್ಬರು ಕಂದು ಎನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಕಣ್ಣು ಕಂಡದ್ದಕ್ಕೂ ನೆನಪು ಉಳಿಸಿಕೊಂಡದ್ದಕ್ಕೂ ನಡುವೆ ಏನೋ ಜಾರಿಹೋಗಿರುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇಟಲಿಯ ನಿರ್ದೇಶಕ ಡಾರಿಯೊ ಅರ್ಜೆಂಟೊ 1975ರಲ್ಲಿ ತೆಗೆದ ‘ಪ್ರೊಫೊಂಡೊ ರೊಸ್ಸೊ’, ಅಂದರೆ ‘ಗಾಢ ಕೆಂಪು’, ಹೀಗೆ ಜಾರಿಹೋದದ್ದನ್ನು ಹುಡುಕುವ ಕಥೆ.

ಚಿತ್ರದ ಹೆಸರು ಕೆಂಪಾದರೂ ಅದರ ಜಾತಿಯ ಹೆಸರು ಹಳದಿ. ಇಟಲಿಯ ಭಾಷೆಯಲ್ಲಿ ‘ಜಾಲ್ಲೊ’ ಎಂದರೆ ಹಳದಿ. ಹಳದಿ ಎಂದೊಡನೆ ಪೀತ ಪತ್ರಿಕೆಗಳು ನೆನಪಾಗಿ ಮೂಗು ಮುರಿಯುವವರುಂಟು. ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮೊಂಡಡೋರಿ ಎಂಬ ಪ್ರಕಾಶನ ಸಂಸ್ಥೆ 1929ರಲ್ಲಿ ಹಳದಿ ರಕ್ಷಾಪುಟದ ಪತ್ತೇದಾರಿ ಪುಸ್ತಕಮಾಲೆ ಆರಂಭಿಸಿತು. ಅದು ಜನರಿಗೆ ಎಷ್ಟು ಹಿಡಿಸಿತೆಂದರೆ, ಮುಂದೆ ಯಾರು ಬರೆದ ಪತ್ತೇದಾರಿ ಕಥೆಯಾದರೂ ಇಟಲಿಯವರಿಗೆ ‘ಹಳದಿ’ಯೇ ಆಯಿತು. ಮುಸೊಲಿನಿಯ ಸರ್ಕಾರಕ್ಕೆ ಮಾತ್ರ ಹಿಡಿಸಲಿಲ್ಲ. 1941ರಲ್ಲಿ ನಿಂತುಹೋದ ಮಾಲೆ ಯುದ್ಧ ಮುಗಿದ ಮೇಲೆ ಮತ್ತೆ ಬಂತು.

ಕನ್ನಡ ಓದುಗರಿಗೆ ಈ ರುಚಿ ಹೊಸದಲ್ಲ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಪಠ್ಯಪುಸ್ತಕದ ನಡುವೆ ಇಟ್ಟುಕೊಂಡು ಅವನ್ನು ಓದಿದವರೇ ಎಷ್ಟೋ ಮಂದಿ. ತೆರೆಯ ಮೇಲೆ ಕಾಶೀನಾಥ್ 1978ರಲ್ಲಿ ‘ಅಪರಿಚಿತ’ ತಂದರು. ಸುನೀಲ್ ಕುಮಾರ್ ದೇಸಾಯಿ 1989ರಲ್ಲಿ ಹಾಡುಗಳೇ ಇಲ್ಲದ ‘ತರ್ಕ’ ಮಾಡಿ ಗೆದ್ದರು.

ಇಟಲಿಯಲ್ಲಿ ಈ ಜಾತಿಗೆ ತೆರೆಯ ರೂಪ ಕೊಟ್ಟವನು ಮಾರಿಯೊ ಬಾವಾ. 1963 ಮತ್ತು 1964ರ ಅವನ ಎರಡು ಚಿತ್ರಗಳು ದಾರಿ ಹಾಕಿದವು. ಮುಖ ಕಾಣದ ಕೊಲೆಗಾರ, ಕಪ್ಪು ಕೈಗವಸು, ಕಣ್ಣು ಕುಕ್ಕುವ ಬಣ್ಣ. 1970ರಲ್ಲಿ ಮೊದಲ ಚಿತ್ರ ಮಾಡಿದ ಅರ್ಜೆಂಟೊ ಇವನ್ನೆಲ್ಲ ಉಳಿಸಿಕೊಂಡು ‘ನೋಡಿದ ಸಾಕ್ಷಿ’ಯನ್ನು ನಡುವೆ ತಂದು ನಿಲ್ಲಿಸಿದ. ಅವನ ಚಿತ್ರಗಳಲ್ಲಿ ಕಾಣುವ ಕೊಲೆಗಾರನ ಕೈಗಳು ಹಲವು ಕಡೆ ಅವನವೇ!

‘ಗಾಢ ಕೆಂಪು’ವಿನ ನಾಯಕ ಮಾರ್ಕಸ್ ಪಿಯಾನೊ ನುಡಿಸುವವನು. ರಾತ್ರಿ ಬೀದಿಯಲ್ಲಿ ನಿಂತಿದ್ದಾಗ ಮೇಲಿನ ಕಿಟಕಿಯಲ್ಲಿ ಮಹಿಳೆಯೊಬ್ಬಳ ಕೊಲೆಯಾಗುವುದನ್ನು ಕಾಣುತ್ತಾನೆ. ಮೆಟ್ಟಿಲು ಹತ್ತಿ ಓಡುತ್ತಾನೆ. ಗೋಡೆಯ ತುಂಬ ಚಿತ್ರಪಟ ತೂಗುಹಾಕಿದ ಓಣಿಯಂಥ ಹಜಾರ ದಾಟಿ ಅವಳ ಬಳಿ ತಲುಪುತ್ತಾನೆ. ಪೊಲೀಸರು ಬಂದ ಮೇಲೆ ಅವನಿಗೊಂದು ಸಂಶಯ. ಬರುವಾಗ ಕಂಡ ಪಟಗಳಲ್ಲಿ ಒಂದು ಈಗ ಇಲ್ಲ. ಯಾವುದು? ನೆನಪಾಗದು. ಚಿತ್ರದ ಉದ್ದಕ್ಕೂ ಅವನು ಹುಡುಕುವುದು ಕೊಲೆಗಾರನಿಗಿಂತ ಹೆಚ್ಚಾಗಿ ತನ್ನದೇ ನೆನಪಿನ ಆ ತುಣುಕನ್ನು. ಪಾತ್ರ ಮಾಡಿರುವ ಡೇವಿಡ್ ಹೆಮಿಂಗ್ಸ್, ಆಂಟೋನಿಯೋನಿಯ 1966ರ ‘ಬ್ಲೋ ಅಪ್’ನಲ್ಲಿ ತಾನು ತೆಗೆದ ಫೋಟೊದಲ್ಲೇ ಕೊಲೆಯ ಗುರುತು ಹುಡುಕಿದ್ದ ನಟ.

ಮೊದಲ ಬಾರಿ ನೋಡುವವರಿಗೆ ತುಟಿಗೂ ಮಾತಿಗೂ ತಾಳೆಯಾಗದಿರುವುದು ಕಿರಿಕಿರಿ. ಅಲ್ಲಿ ಆಗ ಧ್ವನಿಯನ್ನು ಚಿತ್ರೀಕರಣದ ನಂತರ ಸೇರಿಸುವುದೇ ವಾಡಿಕೆ. ವಿದೇಶಕ್ಕೆ ಕಳಿಸಿದ ಪ್ರತಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕತ್ತರಿಸಿದ್ದರು. ಆ ಭಾಗಗಳಿಗೆ ಇಂಗ್ಲಿಷ್ ಮಾತು ಇಲ್ಲದ್ದರಿಂದ, ಪೂರ್ಣ ಪ್ರತಿಯಲ್ಲಿ ಪಾತ್ರಗಳು ಇದ್ದಕ್ಕಿದ್ದಂತೆ ಇಟಾಲಿಯನ್ ಆಡತೊಡಗುತ್ತವೆ. ಯಂತ್ರ ಕೆಟ್ಟಿತೆಂದು ಎದ್ದು ಹೋಗಬೇಡಿ.

ಇನ್ನೊಂದು ಕಿರಿಕಿರಿ ಅಷ್ಟು ಹಗುರದ್ದಲ್ಲ. ಹೆಣ್ಣು ಸಾಯುವುದನ್ನು ಕ್ಯಾಮೆರಾ ತುಂಬ ಹೊತ್ತು, ತುಂಬ ಚೆಂದವಾಗಿ ತೋರಿಸುತ್ತದೆ. ಗಾಬ್ಲಿನ್ ತಂಡದ ಸಂಗೀತ ಅದಕ್ಕೆ ಹುರುಪು ತುಂಬುತ್ತದೆ. ಇದನ್ನು ಕಲೆಯ ಹೆಸರಿನಲ್ಲಿ ಮನ್ನಿಸಬೇಕಿಲ್ಲ. ಇದೇ ಚಿತ್ರದಲ್ಲಿ ಡಾರಿಯಾ ನಿಕೊಲೊಡಿಯ ಪತ್ರಕರ್ತೆ ಪಂಜಕುಸ್ತಿಯಲ್ಲಿ ನಾಯಕನನ್ನೇ ಸೋಲಿಸುತ್ತಾಳೆ. ಅದರಿಂದ ಲೆಕ್ಕ ಸರಿಹೋಯಿತು ಎನ್ನುವಂತಿಲ್ಲ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವ ಚಿತ್ರ ಇದಲ್ಲವೇ ಅಲ್ಲ.

ಗೋಡೆಯ ಮೇಲೆ ಇದ್ದದ್ದೇನು? ಇಲ್ಲಿ ಹೇಳಿದರೆ ನೋಡುವವರಿಗೆ ಮೋಸ. ಇಷ್ಟು ಮಾತ್ರ ಹೇಳಬಹುದು: ಅರ್ಜೆಂಟೊ ಅದನ್ನು ಮುಚ್ಚಿಟ್ಟಿಲ್ಲ. ಮಾರ್ಕಸ್ ಹಜಾರ ದಾಟುವಾಗಲೇ ಉತ್ತರ ತೆರೆಯ ಮೇಲೆ ಒಂದು ಕ್ಷಣ ನಿಂತಿರುತ್ತದೆ. ಚಿತ್ರ ಮುಗಿದ ಮೇಲೆ ಆ ದೃಶ್ಯವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿ. ಅದು ಅಲ್ಲೇ ಇದೆ.