ದೃಷ್ಟಿಹೀನರ ಕಾಲೇಜು ವಿದ್ಯಾಭ್ಯಾಸಕ್ಕೆ ಪೂರ್ವಸಿದ್ಧತೆ



ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳಿಗೆ ಹಾನಗಲ್ಲ ಕುಮಾರಸ್ವಾಮಿಗಳವರು ಆಶ್ರಯವನ್ನಿತ್ತುದಲ್ಲದೆ ಸಂಗೀತವಿದ್ಯೆಯನ್ನೂ ಕೊಡಿಸಿದರು. ಗವಾಯಿಗಳು 1944ರಲ್ಲಿ ಲಿಂಗೈಕ್ಯರಾಗುವ ಮೊದಲೇ ಪುಟ್ಟರಾಜರನ್ನು ಹಾಗೆಯೇ ಸಿದ್ಧಗೊಳಿಸಿದ್ದರು. ಅನ್ನವಿಕ್ಕುವುದು ಬೇರೆ, ವಿದ್ಯೆಗೆ ಅಣಿಮಾಡುವುದು ಬೇರೆ. ಅನೇಕ ಮನೆಗಳಲ್ಲಿ ಮೊದಲನೆಯದೇ ಸಾಕೆಂದು ತಿಳಿಯುವುದುಂಟು.

ಭದ್ರಾವತಿಯ ದೃಷ್ಟಿಹೀನ ಕನ್ಯೆಯೊಬ್ಬಳು ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜನ್ನು ಸೇರಬೇಕೆಂದಿರಲಿ. 2016ರ ಶಾಸನದಂತೆ ಸರಕಾರಿ ಹಾಗೂ ಅನುದಾನಿತ ಉನ್ನತ ವಿದ್ಯಾಸಂಸ್ಥೆಗಳಲ್ಲಿ, ಶೇಕಡಾ 40ಕ್ಕೆ ಕಡಮೆಯಿಲ್ಲದ ನ್ಯೂನತೆಯುಳ್ಳವರಿಗೆ ನೂರಕ್ಕೆ 5 ಸ್ಥಾನಗಳಾದರೂ ಮೀಸಲಿರತಕ್ಕದ್ದು. ಪ್ರಮಾಣಪತ್ರವಿಲ್ಲದೆ ಈ ಹಕ್ಕು ಕೈಗೂಡದು. “ಹೆಣ್ಣುಮಗಳ ಕೊರತೆಗೆ ಮುದ್ರೆ ಒತ್ತಿಸುವುದೇ?” ಎಂದು ಹಿರಿಯರು ಹಿಂಜರಿಯುವರು. ಇಂಥ ಮಾನದಿಂದ ಮಗಳಿಗೆ ಬಂದ ಲಾಭವೇನು?

ಲಿಪಿಕಾರರ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ಕೇಂದ್ರ ಸರಕಾರದ ಮಾರ್ಗಸೂಚಿಯಂತೆ ಪರೀಕ್ಷೆಯಲ್ಲಿ ಉತ್ತರ ಬರೆಯಲು ಸಹಾಯಕನುಂಟು. ಗಂಟೆಗೆ 20 ನಿಮಿಷಗಳಿಗೆ ಕಡಮೆಯಾಗದ ಹೆಚ್ಚಿನ ಕಾಲವೂ ಉಂಟು. ಆದರೆ ಹೇಳಿ ಬರೆಯಿಸುವುದು ಅಭ್ಯಾಸದಿಂದ ಬರತಕ್ಕ ವಿದ್ಯೆ. ಬರೆಯುವವನು ತಪ್ಪಾಗಿ ಕೇಳಿಸಿಕೊಂಡಾನು, ಕಾಗುಣಿತ ಕೆಡಿಸಿಯಾನು. ಹೇಳುವವಳು ಅವನ ಕೈಯ ವೇಗವನ್ನು ಮೀರಿಯಾಳು. ಬೇಸಗೆಯ ರಜೆಯಲ್ಲಿಯೇ ದಿನಕ್ಕೊಂದು ಪ್ರಶ್ನೆಗೆ ಉತ್ತರವನ್ನು ಬರೆಯಿಸಿ, ಮತ್ತೆ ಓದಿಸಿ ಕೇಳುವುದು ಲೇಸು.

ಇನ್ನು ದಾರಿ. ಭದ್ರಾವತಿಯಿಂದ ಶಿವಮೊಗ್ಗೆಗೆ ಸುಮಾರು 20 ಕಿಲೋಮೀಟರು. ಬಸ್ಸಿನಿಂದಿಳಿದು ತರಗತಿಯ ಬಾಗಿಲವರೆಗೆ ಅವಳು ಬಿಳಿಯ ಕೋಲು ಹಿಡಿದು ಹಲವು ಸಲ ನಡೆದು ನೋಡಲಿ. ಮೊದಲ ದಿನಗಳಲ್ಲಿ ತಂದೆ ಜೊತೆಗಿರಲಿ. ಆಮೇಲೆ ಹತ್ತು ಹೆಜ್ಜೆ ಹಿಂದೆ ಬರಲಿ. ಕಾಲೇಜು ತೆರೆಯುವ ದಿನ ಭದ್ರಾವತಿಯ ನಿಲ್ದಾಣದಿಂದಲೇ ಮನೆಗೆ ಹಿಂತಿರುಗಲಿ.